ಹೆಜ್ಜೆ ತಪ್ಪಿಸಿ ನಡೆಯಿರಿ ಎಂದ ನಮ್ಮ ತಾಪಣ್ಣ

ಸುಳ್ಳಾಗಿರಲಿ ಎಂದು ಮೂರು ಸಲ ವಾಪಸ್ ಫೋನ್ ಮಾಡಿದೆ...
ಮೂರು ಸಲವೂ ಅದೇ ಅಳು.

ಥಾಪಾ ಸರ್ ಹೋಗಿಬಿಟ್ಟರು.
ಇವತ್ತು ಬೆಳಿಗ್ಗೆ... ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತಂತೆ.

ನಿಮ್ಮಲ್ಲಿ ಬಹಳ ಜನಕ್ಕೆ ಅವರು ಗೊತ್ತಿರಲಿಕ್ಕಿಲ್ಲ.
ಕಿಕ್ಕೇರಿಯಿಂದಾಚೆ, ಹೇಮಾವತಿಗೆ ನಮ್ಮ ಕಡೆಯ ಮೊದಲ ತೂಗುಸೇತುವೆ ಕಟ್ಟಿದ ಇಂಜಿನಿಯರ್.
ನೇಪಾಳದ ಬೆಟ್ಟದವರು. ತೊಂಬತ್ತರ ದಶಕದಲ್ಲಿ ಬಂದವರು ವಾಪಸ್ ಹೋಗಲೇ ಇಲ್ಲ.
ಊರವರ ಬಾಯಲ್ಲಿ ಥಾಪಾ ಹೋಗಿ ತಾಪಣ್ಣ ಆದರು.
ರೇಷನ್ ಕಾರ್ಡಿನಲ್ಲಿ ಯಾವನೋ ಪುಣ್ಯಾತ್ಮ ತಾಪೇಗೌಡ ಎಂದೇ ಬರೆದ!
ತಿದ್ದಿಸೋಣ ಸರ್ ಎಂದರೆ, "ಇರ್ಲಿ ಬುಡು, ಗೌಡ ಆಗೋದು ಅಷ್ಟು ಸುಲ್ಭಾನಾ?" ಎಂದು ನಕ್ಕಿದ್ದರು.

ನಾನು ನಾಗಮಂಗಲದವನು. ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಓವರ್‌ಸಿಯರ್ ಆಗಿದ್ದೆ.
ಹೊಳೆ ತುಂಬಿದರೆ ಹರಿಗೋಲೂ ನಿಲ್ಲುತ್ತಿದ್ದ ಕಾಲ. ಬಸುರಿಗೆ ನೋವು ಬಂದರೂ ಆಚೆ ದಡದವರು ನೀರು ನೋಡುತ್ತಾ ಕೂರಬೇಕಿತ್ತು.
ಅಲ್ಲಿ ಕಂಬ ನಿಲ್ಲಿಸಿ ಕೇಬಲ್ ಎಳೆಸಿದರು. ಒಂದೊಂದು ನಟ್ಟನ್ನೂ ಸ್ಪ್ಯಾನರಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು.

ತೂಗುಸೇತುವೆ ಮೇಲೆ ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಅದು ಉಯ್ಯಾಲೆಯಾಗುತ್ತದೆ. ಅಪಾಯ.
ಅದಕ್ಕೇ ಬೋರ್ಡ್ ಹಾಕಿಸಿದರು: "ಹೆಜ್ಜೆ ತಪ್ಪಿಸಿ ನಡೆಯಿರಿ."
ಊರ ಹಿರಿಯರೊಬ್ಬರು ಓದಿ ಬಿದ್ದುಬಿದ್ದು ನಕ್ಕರು. "ನಾವು ಮಕ್ಳಿಗೆ ಎಜ್ಜೆ ತಪ್ಬೇಡಿ ಅಂತೀವಿ... ಈವಯ್ಯ ತಪ್ಪಿ ಅಂತ ಬೋರ್ಡೇ ಆಕ್ಸವ್ನಲ್ಲಪ್ಪೋ!"

ಸರ್...
ಆ ಬೋರ್ಡ್ ಬರೆದದ್ದು ನಾನೇ. ನನ್ನ ಕೈಯಾರೆ.
ಆದರೂ ನನ್ನ ಮದುವೆ ದಿಬ್ಬಣ ಆಚೆ ದಡಕ್ಕೆ ಹೊರಟ ದಿನ ಮೈಮರೆತೆ. ತಮಟೆ ಏಟಿಗೆ ಎಲ್ಲರೂ ಕುಣಿದರು. ಮದುಮಗ ನಾನೂ ಕುಣಿದೆ.
ನಡುಹೊಳೆಯಲ್ಲಿ ಸೇತುವೆ ಅಡ್ಡಡ್ಡ ಹೊಯ್ದಾಡಿತು. ಹೆಂಗಸರು ಕಿರುಚಿದರು...
ನೀವು ಓಡಿ ಬಂದು ತಮಟೆ ಕೋಲು ಕಿತ್ತುಕೊಂಡಿರಿ.
"ಲೇ, ಬೋರ್ಡ್ ಬರ್ದೋನು ನೀನೇ ಅಲ್ವೇನ್ಲಾ? ಇಷ್ಟು ಜನದ ಜೀವ ತೆಗೀತಿದ್ದೆ ಕಣ್ಲಾ!"
ಬೀಗರ ಮುಂದೆಯೇ.

ನೀವು ಹೇಳಿದ್ದು ಸರಿ ಇತ್ತು ಸರ್. ನನಗೆ ಅವಮಾನ ಮಾತ್ರ ಕಾಣಿಸಿತು.
ಕೆಲಸ ಬಿಟ್ಟು ಶ್ರೀರಂಗಪಟ್ಟಣ ಸೇರಿದೆ.
ನೀವು ಎರಡು ಸಲ ಬಸ್ಸು ಹತ್ತಿ ನನ್ನ ಮನೆಗೆ ಬಂದಿರಿ. ಒಳಗೇ ಇದ್ದುಕೊಂಡು "ಇಲ್ಲ" ಎಂದು ಹೇಳಿಸಿದೆ...
ಎರಡನೇ ಸಲ ನನ್ನ ಚಪ್ಪಲಿ ಬಾಗಿಲಲ್ಲೇ ಇತ್ತು. ನೀವು ಅದನ್ನು ನೋಡಿದಿರಿ. ಹಾಗೇ ತಿರುಗಿ ಹೋದಿರಿ.
ನಾಳೆ ಹೋಗಿ ಕಾಲು ಹಿಡಿಯೋಣ, ನಾಡಿದ್ದು ಹೋಗೋಣ ಎನ್ನುತ್ತಲೇ ಇಷ್ಟು ವರ್ಷ ಕಳೆದೆ. ಎಂಥ ದಡ್ಡ ನಾನು...

ನಿಮ್ಮ ಮಗಳು ಫೋನಿನಲ್ಲಿ ಹೇಳಿದಳು:
"ಅಂಕಲ್, ಸ್ಮಶಾನ ಆಚೆ ದಡದಲ್ಲಿ ಅದೆ. ಸೇತುವೆ ಮ್ಯಾಲೆ ಹೊತ್ಕೊಂಡೋಗೋವಾಗ ಮುಂದ್ಗಡೆ ಹೆಗಲು ನಿಮ್ದೇ ಇರ್ಬೇಕಂತೆ. ಅಪ್ಪ ಯಾವಾಗ್ಲೂ ಅಂತಿದ್ರು... 'ಅವ್ನು ಬತ್ತಾನೆ ಬುಡು. ಅಲ್ಲಿ ಎಂಗೆ ನಡೀಬೇಕು ಅಂತ ಅವ್ನಿಗೆ ಗೊತ್ತು.'"

ಬಸ್ಸಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಈಗಷ್ಟೇ ಪಾಂಡವಪುರ ದಾಟಿತು...
ನೀವು ಎರಡು ಸಲ ಬಂದು ಬರಿಗೈಯಲ್ಲಿ ಮರಳಿದ ದಾರಿ ಇದೇ ಅಲ್ಲವೇ ಸರ್.

ಸಂಜೆ ನಾಲ್ಕಕ್ಕೆ ಹೊರಡುತ್ತೇವೆ. ಬರುವವರಲ್ಲಿ ಒಂದೇ ಬೇಡಿಕೆ...
ಸೇತುವೆ ಮೇಲೆ ತಮಟೆ ಬೇಡ.
ಹೆಗಲು ಕೊಡುವವರು ದಯವಿಟ್ಟು ಹೆಜ್ಜೆ ತಪ್ಪಿಸಿ ನಡೆಯಿರಿ.

ಈ ಸಲ ಇಲ್ಲ ಎನ್ನುವುದಿಲ್ಲ ಸರ್. ಬರ್ತಾ ಇದ್ದೇನೆ.
ಹೋಗಿ ಬನ್ನಿ ತಾಪಣ್ಣ...
ಆ ದಡದಲ್ಲಿ ನಿಮ್ಮ ಜೀವ ತಣ್ಣಗಿರಲಿ 🙏