ಮೂರನೇ ನುಡಿಸಾಣಿಕೆಯ ಅರ್ಧ ನಿಮಿಷ

ಕುಸುಬೆ ಎಣ್ಣೆ ತಿನ್ನಿ ಎಂದು ಡಾಕ್ಟರರು ಹೇಳಿದ್ದರಿಂದ ಕಳೆದ ತಿಂಗಳು ರೋಣದ ಗಾಣಕ್ಕೆ ಹೋಗಿದ್ದೆ. ನನ್ನ ಹೃದಯಕ್ಕೆ ಏನೂ ಆಗಿಲ್ಲ. ಆಗಬಹುದೆಂದು ನಾನೇ ಹೋಗಿ ತೋರಿಸಿಕೊಂಡು ಬಂದಿದ್ದೆ. ಪಾಪ, ಅವರೂ ಏನಾದರೊಂದು ಹೇಳಿ ಕಳಿಸಬೇಕಿತ್ತು. ಕ್ಯಾನ್ ಹಿಡಿದು ಗಾಣದ ಬಾಗಿಲಲ್ಲಿ ನಿಂತಾಗ ಹೊಸ ಎಣ್ಣೆಯ ಬೆಚ್ಚನೆಯ ವಾಸನೆ ಬಂತು. ಅದರ ಹಿಂದೆಯೇ ಎರಡು ಕೈಗಳು ನೆನಪಾದವು... ಬೆರಳ ಸಂದಿಗೆ ಕುಸುಬೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ, ಕಡ್ಡಿ ಹಿಡಿದು ಹಿಡಿದು ದಡ್ಡುಗಟ್ಟಿದ ಕೈಗಳು. ಖಾಲಿ ಕ್ಯಾನಿನೊಂದಿಗೆ ಮನೆಗೆ ಬಂದೆ. ಗಾಣ ಬಂದ್ ಇತ್ತು ಎಂದು ಹೆಂಡತಿಗೆ ಹೇಳಿದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ.

ಆ ಕೈಗಳು ಗಜೇಂದ್ರಗಡದ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರವು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು.

ಆಗ ನನಗೆ ಇಪ್ಪತ್ತಾರು. ರೋಣದಲ್ಲಿ ಅಪ್ಪನ ನೋಟ್‌ಬುಕ್ ಅಂಗಡಿಯಲ್ಲಿ ಕೂತು ಕೀಬೋರ್ಡ್ ಕಲಿತಿದ್ದೆ. ಗಿಟಾರ್ ನುಡಿಸುವ ಗೆಳೆಯನೊಬ್ಬನಿದ್ದ. ಹುಬ್ಬಳ್ಳಿಯಿಂದ ತಂದ ನಾಲ್ಕಾರು ಕ್ಯಾಸೆಟ್ ಕೇಳಿ ನಮ್ಮಿಬ್ಬರಿಗೂ ಜಾಝ್ ಮತ್ತು ರಾಕ್ ಕಲಸಿದ ಸಂಗೀತದ ಹುಚ್ಚು ಹತ್ತಿತ್ತು. ಹಾಡುವವರು ಬೇಡ, ಬರೀ ವಾದ್ಯ. ಗಣಪತಿ ಪೆಂಡಾಲಿನಲ್ಲಿ ಒಮ್ಮೆ ನುಡಿಸಿದೆವು. ಮುಂದೆ ಕೂತಿದ್ದ ಹಿರಿಯರೊಬ್ಬರು ಅರ್ಧ ತಾಸು ತಾಳ್ಮೆಯಿಂದ ಕೇಳಿ, "ಎಲ್ಲಾ ಚಲೋ ಹೊಂದಿಸ್ಕೊಂಡ್ರಿ ಬಿಡ್ರಿ. ಹಾಡವ್ರು ಯಾವ ಬಸ್ಸಿಗೆ ಬರ್ತಾರ?" ಎಂದು ಕೇಳಿದರು.

ನಮಗೆ ತಾಳದವರೊಬ್ಬರು ಬೇಕಾಗಿತ್ತು. ಅಬ್ಬಿಗೇರಿಯ ಮದುವೆ ಮೆರವಣಿಗೆಯೊಂದರಲ್ಲಿ ಕಾಕಾ ಕಂಡರು. ಅರವತ್ತರ ಆಸುಪಾಸು, ಕೊರಳಲ್ಲಿ ಡ್ರಮ್, ಕಣ್ಣು ಮಾತ್ರ ಮುಂದಿನವರ ಕಾಲಿನ ಮೇಲೆ. ಮುದುಕರು ಮುಂದೆ ಬಂದರೆ ತಾಳ ನಿಧಾನವಾಗುತ್ತಿತ್ತು, ಹುಡುಗರು ಬಂದರೆ ಚುರುಕಾಗುತ್ತಿತ್ತು. ಪರಿಚಯದವರ ಮನೆ ಮುಂದೆ ಒಂದು ಸುತ್ತು ಹೆಚ್ಚಿಗೆ ಬಾರಿಸುತ್ತಿದ್ದರು. ನಾವು ತಿಂಗಳುಗಟ್ಟಲೆ ಬೆರಳೆಣಿಸಿ ಕಲಿತ ಏಳು ಮಾತ್ರೆಯ ಲೆಕ್ಕ ಅವರ ಕೈಯಲ್ಲಿ ಆಡಿಕೊಂಡು ಹೋಗುತ್ತಿತ್ತು. ಊಟಕ್ಕೆ ಅವರನ್ನು ಕಡೇ ಪಂಕ್ತಿಯಲ್ಲಿ, ಅಡಿಗೆಯವರ ಜೊತೆ ಕೂರಿಸಿದ್ದರು. ನಾವು ಅಲ್ಲಿಯೇ ಹೋಗಿ ಕೇಳಿದೆವು.

"ಪಗಾರ ಬ್ಯಾಡ್ರಿ," ಎಂದರು. "ನನ್ನ ಹೆಸರು ಪೇಪರಿನ್ಯಾಗ ಬರೂ ಹಂಗ ಮಾಡ್ರಿ, ಸಾಕು."

ಕಾರಣವನ್ನೂ ಹೇಳಿದರು. ಕಲಾವಿದರ ಮಾಸಾಶನಕ್ಕೆ ಎರಡು ಸಲ ಅರ್ಜಿ ಹಾಕಿದ್ದರು. ಕಲಾವಿದನೆಂಬುದಕ್ಕೆ ಪುರಾವೆ ತಾ ಎಂದು ಕಚೇರಿಯವರು ಮರಳಿಸಿದ್ದರು. ನಲವತ್ತು ವರ್ಷದ ಲಗ್ನಪತ್ರಿಕೆಗಳಲ್ಲಿ ಅಡಿಗೆ ಭಟ್ಟರ ಹೆಸರೂ ಇರಲಿಲ್ಲ, ಡ್ರಮ್ಮಿನವರ ಹೆಸರೂ ಇರಲಿಲ್ಲ. "ಸಾವ್ಕಾರ್ರ, ನಾ ಬಾರಸಿದ್ದು ಇಡೀ ತಾಲೂಕಿಗೆ ಕೇಳಸೇತಿ. ಆದ್ರ ಕಚೇರಿಗೆ ಕಿವಿ ಇಲ್ಲ, ಕಣ್ಣಷ್ಟ ಐತಿ," ಎಂದು ನಕ್ಕರು.

ನಮ್ಮ ಮೊದಲ ಕ್ಯಾಸೆಟ್ಟಿಗೆ 'ರೋಣ ಕ್ರಾಸ್' ಎಂದು ಹೆಸರಿಟ್ಟೆವು. ಗಜೇಂದ್ರಗಡದಲ್ಲಿ ಗೆಳೆಯನ ಮಾವನ ಮನೆಯ ಮಾಳಿಗೆ ಕೋಣೆಯ ಗೋಡೆಗಳಿಗೆ, ಸದ್ದು ಮೊಳಗದಿರಲೆಂದು, ಊರವರು ಹೊದೆಯುವ ಕೌದಿಗಳನ್ನು ತೂಗುಹಾಕಿ, ಹುಬ್ಬಳ್ಳಿಯಿಂದ ರೆಕಾರ್ಡಿಂಗಿನವನನ್ನು ಒಂದೇ ದಿನಕ್ಕೆ ಕರೆಸಿದ್ದೆವು. ಕಾಕಾನಿಗೆ ಕುರ್ಚಿ ಕೊಟ್ಟರೆ ಕೂರಲಿಲ್ಲ. ನಿಂತರೂ ಕೈ ಏಳಲಿಲ್ಲ.

"ಮುಂದ ನಡಿಯವ್ರ ಇಲ್ಲಂದ್ರ ಹ್ಯಾಂಗ ಬಾರಸ್ಲಿ?"

ಕೊನೆಗೆ ಗೆಳೆಯ ಗಿಟಾರಿನ ವಯರು ಎಳೆದುಕೊಂಡು, ಚಪ್ಪಲಿ ಬಿಟ್ಟು, ಇಡೀ ದಿನ ಆ ಕೋಣೆಯಲ್ಲಿ ಮದುಮಗನಂತೆ ಸುತ್ತು ಹಾಕಿದ. ಅವನ ಹಿಂದೆ ಕಾಕಾ. ನಾನು ವಯರಿಗೆ ಯಾರಾದರೂ ಎಡವಿ ಬಿದ್ದಾರೆಂದು ಒಂದು ಕಣ್ಣು ಅಲ್ಲಿಟ್ಟೇ ನುಡಿಸಿದೆ.

ಮೂರನೇ ನುಡಿಸಾಣಿಕೆಯ ನಟ್ಟನಡುವೆ ಕಾಕಾ ತಟ್ಟನೆ ನಿಲ್ಲಿಸಿದರು. ಸೆಖೆಗೆಂದು ಒಂದು ಕಿಟಕಿ ತೆರೆದಿಟ್ಟಿದ್ದೆವು. ಅವರು ಅದರ ಹತ್ತಿರ ತಲೆತಗ್ಗಿಸಿ ನಿಂತಿದ್ದರು. ನಾನು ಗಾಬರಿಯಾಗಿ ಕೈ ತೆಗೆದೆ, ಗೆಳೆಯನೂ ನಿಂತ. ಸುಮಾರು ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಅವರ ಕಡ್ಡಿ ಒಮ್ಮೆಲೇ, ಸರಿಯಾಗಿ ಮೊದಲ ಮಾತ್ರೆಗೇ ಬಿತ್ತು. ಒಳಗೊಳಗೇ ಎಣಿಸುತ್ತಿದ್ದರೆಂದು ಕಾಣುತ್ತದೆ. ನಾವು ಬಿದ್ದೆದ್ದು ಹಿಂದೆ ಓಡಿದೆವು.

ಮುಗಿದ ಮೇಲೆ ನಾನು ಸಿಟ್ಟಿನಿಂದ, "ಏನ್ರಿ ಕಾಕಾ ಇದು? ನಡುವ ಯಾಕ ನಿಂತ್ರಿ?" ಎಂದೆ.

"ಕೆಳಗ ಹೆಣ ಹೊಂಟಿತ್ರಿ. ಅದು ದಾಟೂತನಾ ಬಾರಸಬಾರದು." ಬ್ಯಾಂಡಿನವರ ರಿವಾಜು ಅದು. ಎಂಥ ದೊಡ್ಡ ಮೆರವಣಿಗೆಯಿದ್ದರೂ ಶವ ಎದುರಾದರೆ ವಾದ್ಯ ನಿಲ್ಲಬೇಕು. ತಾನು ರಸ್ತೆಯಲ್ಲಿಲ್ಲ, ಮಾಳಿಗೆಯ ಮೇಲೆ ಕೌದಿಗಳ ನಡುವೆ ಇದ್ದೇನೆಂಬುದು ಅವರಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಮತ್ತೊಮ್ಮೆ ನುಡಿಸಲು ಹೊತ್ತಿರಲಿಲ್ಲ. ರೆಕಾರ್ಡಿಂಗಿನವನು ಆಗಲೇ ವಯರು ಸುತ್ತುತ್ತಿದ್ದ. ಹಾಗೆಯೇ ಬಿಟ್ಟೆವು.

ಕ್ಯಾಸೆಟ್ಟಿನ ಕವರಿನ ಮೇಲೆ ಯಾರ ಹೆಸರೂ ಹಾಕಿಸಲಿಲ್ಲ. ಯಾರ ಹೆಸರು ಮೊದಲು ಬರಬೇಕೆಂಬುದರ ಮೇಲೆ ಜಗಳವಾದೀತೆಂದು ಹೆದರಿದ್ದವನು ನಾನೇ. ಕಾಕಾ ಬೇಸರಿಸಲಿಲ್ಲ. "ಇರ್ಲಿ ಬಿಡ್ರಿ, ಪೇಪರಿನ್ಯಾಗ ಬರ್ತೈತಲ್ಲ," ಎಂದರು.

ಬಂತು. ಪತ್ರಿಕೆಯವರೊಬ್ಬರು ಹುಡುಕಿಕೊಂಡು ನಮ್ಮ ಅಂಗಡಿಗೇ ಬಂದರು. ಉಳಿದದ್ದೆಲ್ಲ ಅವರಿಗೆ ಸಾಧಾರಣ ಅನ್ನಿಸಿರಬೇಕು. ಆದರೆ ಆ ಮೂರನೆಯದರ ಅರ್ಧ ನಿಮಿಷದ ಮೌನ... ಅದನ್ನು ಹೊಗಳುತ್ತಲೇ ಹೋದರು. "ಇಂಥ ಧೈರ್ಯ ಹೇಗೆ ಬಂತು?" ಎಂದು ಕೇಳಿದರು. ಮದುವೆ ಬ್ಯಾಂಡಿನವರೊಬ್ಬರು ಹೆಣ ಕಂಡು ನಿಲ್ಲಿಸಿದ್ದು ಎಂದರೆ ಇಡೀ ಕ್ಯಾಸೆಟ್ಟೇ ನಗೆಪಾಟಲಾದೀತೆಂದು ನನಗೆ ಭಯವಾಯಿತು. "ರಚಿಸುವಾಗಲೇ ಹೊಳೆದಿತ್ತು," ಎಂದೆ. ಗೆಳೆಯ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಡ್ರಮ್ ಯಾರದು ಎಂದು ಕೇಳಿದಾಗ, ಒಂದು ಸುಳ್ಳಿನ ಬಾಲ ಹಿಡಿದು ಇನ್ನೊಂದು ಹೊರಬಂತು: "ಊರವರೊಬ್ಬರು ಸಹಾಯ ಮಾಡಿದರು."

ಸುದ್ದಿ ಅಚ್ಚಾದ ಮೂರನೇ ದಿನ ಕಾಕಾ ಗಜೇಂದ್ರಗಡದ ಬಸ್ಸಿನಿಂದಿಳಿದು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ. ಜೇಬಿನಿಂದ ನಾಲ್ಕು ಮಡಿಕೆಯ ಪತ್ರಿಕೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಹರವಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಚಾದಂಗಡ್ಯಾಗ ಮೂರ ಮಂದಿ ಕಡಿಂದ ಓದಿಸಿದ್ನಿ. ಯಾರಿಗೂ ನಾ ಸಿಗವಲ್ಲೆ. ಎಲ್ಲಿ ಅದೀನಿ ತೋರಸ್ರಿ."

'ಸ್ಥಳೀಯ ಸಹಾಯಕರೊಬ್ಬರು' ಎಂಬ ಎರಡು ಪದಗಳ ಮೇಲೆ ನಾನು ಬೆರಳಿಟ್ಟೆ. ಅವರು ಬಗ್ಗಿ, ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಸಹಾಯಕ ಅಂದ್ರ ಮಾಸಾಶನ ಕೊಡ್ತಾರನ್ರಿ?" ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದು.

"ಪೇಪರಿನವ್ರು ತಪ್ಪು ಬರದಾರ ಕಾಕಾ," ಎಂದೆ.

"ಅವ್ರರ ಏನ್ ಮಾಡ್ಯಾರು. ದಿನಾ ಎಷ್ಟ ಮಂದೀದು ಬರೀಬೇಕು," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಹೋಗುವಾಗ, "ನೀವ ಒಂದ್ ಕಾಗದ ಬರದು ಸಹಿ ಮಾಡಿ ಕೊಡ್ರಿ. ಇವ್ರು ನಮ್ಮ ಜೋಡಿ ಬಾರಸ್ಯಾರ ಅಂತ. ಅಷ್ಟಾದ್ರೂ ನಡೀತೈತೇನೋ," ಎಂದರು. ಆಗಲಿ ಎಂದೆ.

ಬರೆಯಲಿಲ್ಲ. ಸುತ್ತಲೂ ಬಿಳಿ ಹಾಳೆಗಳ ರಾಶಿ, ಡಬ್ಬಿಗಟ್ಟಲೆ ಪೆನ್ನು. ಅವುಗಳ ನಡುವೆ ಕೂತು ಒಂದು ಪುಟ ಬರೆಯಲಾಗಲಿಲ್ಲ. ಕಾಗದದಲ್ಲಿ ಒಂದು, ಪತ್ರಿಕೆಯಲ್ಲಿ ಇನ್ನೊಂದು ಇದೆಯಲ್ಲ ಎಂದು ಕಚೇರಿಯವರು ನನ್ನನ್ನು ಕರೆಸಿ ಕೇಳಿದರೆ? ಹೀಗೆ ಯೋಚಿಸುತ್ತ ಕುಳಿತೆ. ಅವರು ಎರಡು ಸಲ ಬಂದರು. ಒಮ್ಮೆ ಅಪ್ಪನಿಗೆ ಆರಾಮಿಲ್ಲ ಎಂದೆ, ಅಪ್ಪ ಒಳಗೆ ರೊಟ್ಟಿ ತಿನ್ನುತ್ತಿದ್ದರು. ಇನ್ನೊಮ್ಮೆ ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಆಮೇಲೆ ಅವರು ಬರಲಿಲ್ಲ.

ಮರುವರ್ಷ ನಮ್ಮ ಓಣಿಯಲ್ಲಿ ಒಂದು ಮೆರವಣಿಗೆ ಹಾದುಹೋಯಿತು. ಡ್ರಮ್ಮಿನ ಕೈ ಗುರುತು ಹತ್ತಿ, ನಾನು ಒಳಗೆ ಸರಿದು ಕದ ಮುಂದೆ ಮಾಡಿಕೊಂಡೆ. ನಮ್ಮ ಮನೆ ಮುಂದೆ ಅವರು ಒಂದು ಸುತ್ತು ಹೆಚ್ಚಿಗೆ ಬಾರಿಸಿದರು. ಅವತ್ತು ಬೈದಿದ್ದರೆ ಇಷ್ಟು ವರ್ಷ ನೆಮ್ಮದಿಯಾಗಿ ಇರುತ್ತಿದ್ದೆನೇನೋ.

ಅವರು ತೀರಿಕೊಂಡ ಸುದ್ದಿ ನಾಲ್ಕು ವರ್ಷದ ಹಿಂದೆಯೇ ಗೊತ್ತಾಗಿತ್ತು. ಹೋಗಲಿಲ್ಲ. ಮಂದಿ ಬೇಕಾದಷ್ಟು ಬಂದಿರುತ್ತಾರೆ ಎಂದುಕೊಂಡೆ. ಆ ಕ್ಯಾಸೆಟ್ಟನ್ನು ಯಾರೋ ಈಗ ಇಂಟರ್‌ನೆಟ್ಟಿಗೆ ಹಾಕಿದ್ದಾರಂತೆ. ಇಂದಿಗೂ ಆ ಮೌನವನ್ನು ಮೆಚ್ಚಿ ನನಗೆ ಮೆಸೇಜುಗಳು ಬರುತ್ತವೆ. ನಾನು ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ.

ಗಾಣದಿಂದ ಬರಿಗೈಯಲ್ಲಿ ಬಂದ ಮರುದಿನ ಬರೆದೆ. ಒಂದೂವರೆ ಪುಟ. ಆ ಅರ್ಧ ನಿಮಿಷ ಯಾರದು, ಯಾಕೆ ನಿಂತದ್ದು, ಪತ್ರಿಕೆಯವರಿಗೆ ನಾನು ಹೇಳಿದ್ದೇನು, ಎಲ್ಲ. ಅವರ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಕೆಳಗೆ ಸಹಿ. ಗಜೇಂದ್ರಗಡದ ಬಸ್ಸು ಹತ್ತಿದೆ.

ಬಾಗಿಲಲ್ಲಿ ಅವರ ಮಗಳು ಮೆಂತೆಪಲ್ಲೆಯ ಸೊಪ್ಪು ಬಿಡಿಸುತ್ತ ಕೂತಿದ್ದರು. ನನ್ನಷ್ಟೇ ವಯಸ್ಸು. ರೋಣದಿಂದ ಬಂದೆ ಎನ್ನುತ್ತಲೇ ಗುರುತು ಹಿಡಿದರು.

"ರೋಣದ ನೋಟ್‌ಬುಕ್ ಅಂಗಡಿಯವ್ರಲ್ರಿ? ಅಪ್ಪ ನಿಮ್ಮ ಸುದ್ದಿ ಹೇಳ್ತಿದ್ದ. ಅವ್ರಿಗೆ ಭಾಳ ಕೆಲಸ ಇರ್ತಾವ, ಇಲ್ಲಾಂದ್ರ ಬರದ ಕೊಡ್ತಿದ್ರು ಅಂತ."

ಕಾಗದ ಕೊಟ್ಟೆ. ಅವರು ಕೈ ಒರೆಸಿಕೊಂಡು ಕುಳಿತಲ್ಲೇ ಓದಿದರು, ಎರಡು ಸಲ. ನನ್ನ ಸುಳ್ಳು ಬರುವ ಸಾಲಿನಲ್ಲಿ ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಓದಿದರು. ನಂತರ ಒಳಗೆ ಹೋಗಿ ದಾರ ಕಟ್ಟಿದ ಒಂದು ಫೈಲು ತಂದರು. ಹಳೆಯ ಅರ್ಜಿ, ಕೊನೆಯಲ್ಲಿ ಹೆಬ್ಬೆಟ್ಟು. ಲಗತ್ತುಗಳ ಪಟ್ಟಿಯಲ್ಲಿ ರೇಷನ್ ಕಾರ್ಡು, ಫೋಟೋ. ಮೂರನೆಯದು, ಕಲಾವಿದರೆಂಬುದಕ್ಕೆ ಪುರಾವೆ. ಅದರೆದುರು ಖಾಲಿ ಬಿಟ್ಟಿತ್ತು. ನನ್ನ ಕಾಗದವನ್ನು ಅರ್ಜಿಯ ಹಿಂದೆ ಇಟ್ಟು, ಅಂಚು ಸರಿಮಾಡಿ, ಟಾಚಣಿ ಚುಚ್ಚಿ, ಮತ್ತೆ ದಾರ ಕಟ್ಟಿದರು.

"ಈಗ ಪೂರಾ ಆತ್ ನೋಡ್ರಿ," ಎಂದರು.

ಅದನ್ನು ಯಾರಿಗೆ ಕೊಡಬೇಕೆಂದು ನಾವಿಬ್ಬರೂ ಕೇಳಲಿಲ್ಲ.