ದೋಣಿ ಎಳೆಯುವ ಅಕ್ಕ ಮತ್ತು ಎರಡು ಹಳೇ ಪಿಕಪ್‌ಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿಗಳನ್ನು ನೀರಿನಿಂದ ಮೇಲಕ್ಕೆಳೆಯುವ ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ ಮಿನುಗುತ್ತಿದೆ. ದಡದವರೆಲ್ಲ ‘ಎಳೆಯೋ ಅಕ್ಕ’ ಎಂದು ಕರೆಯುವ ಹೆಂಗಸು ಬಿಳಿ ಪಿಕಪ್ಪಿನ ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಪಕ್ಕದ ನೀಲಿ ಗಾಡಿಯನ್ನೂ ಮುಟ್ಟಿ ನೋಡುತ್ತಾರೆ. ಎರಡೂ ತಣ್ಣಗಿವೆ.

“ಸದ್ಯ, ಯಾರೂ ಕದ್ದು ಬಂದು ಬಿಸಿ ಮಾಡಿಟ್ಟಿಲ್ಲ” ಎನ್ನುತ್ತಾರೆ, ಅವರ ಕೆಲಸ ನೋಡಲು ಬಂದ ನನಗೆ.

ಹಳೇ ಗಾಡಿ ಮಾರುವವರಲ್ಲಿ ಕೆಲವರು ಗಿರಾಕಿ ಬರುವ ಮುಂಚೆಯೇ ಎಂಜಿನ್ ಓಡಿಸಿ ಇಟ್ಟಿರುತ್ತಾರೆ. ಆಮೇಲೆ ಕೀಲಿ ತಿರುಗಿಸಿದರೆ ಸಾಕು, ಮಗುವಿನ ಹಾಗೆ ಮಾತು ಕೇಳುತ್ತದೆ. ಆ ಆಟ ನಡೆಯಬಾರದೆಂದೇ ಅಕ್ಕ ಎರಡನ್ನೂ ನಿನ್ನೆ ಸಂಜೆಯೇ ತಂದು ನಿಲ್ಲಿಸಿಕೊಂಡಿದ್ದಾರೆ. ಮಧ್ಯಾಹ್ನದೊಳಗೆ ಒಂದನ್ನು ವಾಪಸ್ ಮಾಡಬೇಕು.

ಆತುರಕ್ಕೆ ಕಾರಣ ಅತ್ತೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ದೋಣಿ ಎಳೆಯುವ ಗಾಡಿಯಲ್ಲೇ ಆಸ್ಪತ್ರೆಗೆ ಪ್ರಯಾಣ. ಉಪ್ಪುನೀರಿಗೆ ಇಳಿದಿಳಿದು ತುಕ್ಕು ಹಿಡಿದಿದ್ದ ಹಳೇ ಪಿಕಪ್ಪು ಕಳೆದ ವಾರ ದಾರಿ ಮಧ್ಯೆ ಸೊಂಟ ಮುರಿದುಕೊಂಡು ಕೂತಿತು. ಸರದಿ ತಪ್ಪಿತು. ಮಾರನೇ ದಿನ ಅತ್ತೆಯ ಕಾಲು ಊದಿ, ಉಸಿರು ಹಿಡಿದುಕೊಂಡಿತು. “ಇನ್ನೊಂದು ಸಲ ತಪ್ಪಿಸಬೇಡಿ” ಎಂದಿದ್ದಾರೆ ಡಾಕ್ಟರು. ಇವತ್ತು ಮಧ್ಯಾಹ್ನ ಮತ್ತೆ ಸರದಿ ಇದೆ.

ಪಿಕಪ್ಪಿನ ಜಾಹೀರಾತು ನೋಡಿ: ಗಾಡಿ ಬೆಟ್ಟ ಹತ್ತುತ್ತದೆ, ಧೂಳೆಬ್ಬಿಸುತ್ತದೆ, ಯಾರೋ ಮೀಸೆ ತಿರುವುತ್ತಾನೆ. ಕಾಯಿಲೆಯ ಮುದುಕಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಗಾಡಿ ಯಾವುದೆಂದು ಹೇಳುವ ಗಂಡಸು ಅಲ್ಲಿ ಒಬ್ಬನೂ ಇಲ್ಲ.

ದಡದಲ್ಲಿ ಕಂಪನಿಗಳ ಹೆಸರು ಹೇಳುವವರಿಲ್ಲ. ಬಿಳಿ ಗಾಡಿಯ ಕಂಪನಿಗೆ ‘ಗೂಳಿ’, ನೀಲಿಯದಕ್ಕೆ ‘ಕತ್ತೆ’ ಎಂದು ಅಡ್ಡಹೆಸರು. ಗೂಳಿಗೆ ಎಳೆತ ಜಾಸ್ತಿ. ಕತ್ತೆಗೆ ಎಂಜಿನ್ ಚಿಕ್ಕದು, ಆದರೆ ಬಿಡಿಭಾಗ ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ. ಮೊದಲು ಗಾಡಿ ಓಡಿಸುತ್ತಿದ್ದವರು ಅಕ್ಕನ ಗಂಡ. ಬೆನ್ನು ಕೈಕೊಟ್ಟ ಮೇಲೆ ಶೆಡ್ಡಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಾರೆ. ಅವರ ಮನಸ್ಸೆಲ್ಲ ಗೂಳಿಯ ಮೇಲೆ.

ಅಕ್ಕನ ಪರೀಕ್ಷೆಯ ಕ್ರಮವೇ ಬೇರೆ. ಮಾರುವವರು ಒಣ ದೋಣಿ ಕಟ್ಟಿ ಎಳೆದು ತೋರಿಸುತ್ತಾರೆ. ಅಕ್ಕ ಹೊಟ್ಟೆ ತುಂಬ ನೀರು ಕುಡಿದ ದೋಣಿಯನ್ನೇ ಟ್ರೇಲರಿಗೆ ಹತ್ತಿಸುತ್ತಾರೆ. ಗೂಳಿ ಒಂದೇ ಉಸಿರಿಗೆ ಅದನ್ನು ಮೇಲೆ ತಂದು ನಿಲ್ಲಿಸುತ್ತದೆ. ದೋಣಿಯನ್ನು ಮತ್ತೆ ನೀರಿಗಿಳಿಸಿ ಕತ್ತೆಗೆ ಕಟ್ಟಿದರೆ, ಅದು ಅರ್ಧ ದಾರಿಗೆ ಚಕ್ರ ಜಾರಿಸಿ ನರಳುತ್ತದೆ. ಅಕ್ಕ ಟ್ರೇಲರ್ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ದೋಣಿಯ ತಳದ ಬಿರಡೆ ಕೀಳುತ್ತಾರೆ. ನೀರು ಬುಸಬುಸನೆ ಸುರಿದು ಹೋಗುತ್ತದೆ. ಆಮೇಲೆ ಕತ್ತೆ ಮೆಲ್ಲಗೆ ಹತ್ತುತ್ತದೆ.

“ಇನ್ನೇನು ನೋಡೋದು?” ಗಂಡ ಕುಂಚ ಹಿಡಿದೇ ಬರುತ್ತಾರೆ. “ಗೂಳೀನೇ ತಗೋ.”

“ಸ್ವಲ್ಪ ಸುಮ್ನಿರ್ರೀ.”

ಅಕ್ಕ ಅಷ್ಟು ಹೊತ್ತೂ ಓಡುತ್ತಲೇ ಇದ್ದ ಗೂಳಿಯನ್ನು ಆಫ್ ಮಾಡಿ, ಕೂಡಲೇ ಕೀಲಿ ತಿರುಗಿಸುತ್ತಾರೆ. ಎಂಜಿನ್ ಗೊರಗೊರ ಎನ್ನುತ್ತದೆ, ಹತ್ತುವುದಿಲ್ಲ. ಮತ್ತೆ ತಿರುಗಿಸುತ್ತಾರೆ. ಊಹೂಂ. ಬ್ಯಾಟರಿ ಬದಲಿಸಿದರೂ ಅದೇ ಹಾಡು. ಎಲ್ಲರೂ ಎಂಜಿನ್ ತಣ್ಣಗಿದ್ದಾಗ ಪರೀಕ್ಷಿಸಿ ಕೈ ತೊಳೆದುಕೊಳ್ಳುತ್ತಾರೆ. ಈ ಗೂಳಿಗೆ ಇರುವುದು ಕಾದ ಮೇಲಿನ ರೋಗ. ಬಿಸಿಯಾದ ಕತ್ತೆಯನ್ನೂ ಹಾಗೇ ಆಫ್ ಮಾಡಿ ತಿರುಗಿಸಿದರೆ, ಒಂದೇ ಸಲಕ್ಕೆ ಹತ್ತುತ್ತದೆ.

“ಹತ್ತು ನಿಮಿಷ ಆರಿದ್ರೆ ಸರಿಹೋಗುತ್ತೆ ಬಿಡೇ” ಎನ್ನುತ್ತಾರೆ ಗಂಡ.

“ಆಸ್ಪತ್ರೆ ಬಾಗಿಲಲ್ಲಿ ಆ ಕಾವಲಿನವನು ಹತ್ತು ನಿಮಿಷ ನಿಲ್ಲೋಕೆ ಬಿಡ್ತಾನಾ? ಸುಸ್ತಾದವರನ್ನ ಬಿಸಿಲಲ್ಲಿ ಕೂರಿಸಿ ಇದು ಆರೋದನ್ನ ಕಾಯ್ಲಾ?”

ಶೆಡ್ಡಿನ ಕುರ್ಚಿಯಲ್ಲಿದ್ದ ಅತ್ತೆ ಬಾಯಿ ಹಾಕುತ್ತಾರೆ. “ಗೂಳೀನೇ ತಗೊಳ್ಳೇ. ಅನ್ನ ಹಾಕೋದು ದೋಣಿ. ನಾನು ಬಸ್ಸಲ್ಲಿ ಹೋಗ್ತೀನಿ.”

“ಬಸ್ಸಲ್ಲಿ! ಮೆಟ್ಟಿಲು ಹತ್ತೋಕಾಗಲ್ಲ, ಮಾತು ನೋಡು. ಹಗ್ಗ ಕಟ್ಟಿ ಹತ್ತಿಸ್ಲಾ?” ಅಕ್ಕ ರೇಗುತ್ತಾರೆ.

“ಅಯ್ಯೋ, ನಾನೇನು ದೋಣೀನಾ?”

ಗಂಡ ನಗುತ್ತಾರೆ. ಅಕ್ಕ ನಗುವುದಿಲ್ಲ. ಇಳಿಜಾರಿನ ಉದ್ದಕ್ಕೂ ಎರಡು ಸಲ ಅಡ್ಡಾಡಿ ಬಂದು, ಗೂಳಿಯ ಕೀಲಿಯನ್ನು ಗಂಡನ ಕೈಗಿಡುತ್ತಾರೆ. “ಆರಿದ ಮೇಲೆ ವಾಪಸ್ ಬಿಟ್ಟು ಬನ್ನಿ.”

ಇದಕ್ಕೆ ಬೆಲೆ ತೆರಬೇಕೆಂದು ಅವರಿಗೆ ಗೊತ್ತು. ದೊಡ್ಡ ದೋಣಿಗಳು ಇನ್ನು ಪಕ್ಕದ ದಡದವರ ಪಾಲು. ಸಣ್ಣವೂ ಅರ್ಧ ದಾರಿಯಲ್ಲಿ ನಿಂತು ನೀರು ಇಳಿಸಿಕೊಂಡೇ ಮೇಲೆ ಬರಬೇಕು. ಸರದಿಯಲ್ಲಿರುವ ದೋಣಿಯವನೊಬ್ಬ ಆಗಲೇ ಗೊಣಗುತ್ತಾನೆ: “ಏನಕ್ಕಾ, ಕತ್ತೆ ಕಟ್ಟಿ ನಮ್ಮನ್ನ ಸಂಜೆವರೆಗೂ ಕಾಯಿಸ್ತೀಯಾ?”

“ಕಾಯ್ರಿ. ನಿಮ್ಮ ದೋಣಿಗೇನು ಉಸಿರು ಕಟ್ಟುತ್ತಾ?”

ಮಧ್ಯಾಹ್ನ ಆಸ್ಪತ್ರೆಯ ಬಾಗಿಲು. ಕಾವಲಿನವನು ಸೀಟಿ ಊದುತ್ತಾನೆ. ಅತ್ತೆಯನ್ನು ಒಳಗೆ ಕೂರಿಸಿ ಓಡಿಬಂದ ಅಕ್ಕ ಕೀಲಿ ತಿರುಗಿಸುತ್ತಾರೆ. ಕತ್ತೆ ತಟ್ಟನೆ ಹತ್ತುತ್ತದೆ. ಗಾಡಿಯನ್ನು ಮರದಡಿ ತಂದು ಆಫ್ ಮಾಡುತ್ತಾರೆ, ಮತ್ತೆ ಸ್ಟಾರ್ಟ್ ಮಾಡುತ್ತಾರೆ. ಇನ್ನೊಮ್ಮೆ. ಮತ್ತೊಮ್ಮೆ. ಪ್ರತಿ ಸಲವೂ ಹತ್ತುತ್ತದೆ, ಆದರೂ ಇಳಿಯಲು ಮನಸ್ಸು ಬಾರದು.

ನಿಮಗೆ ಏನು ಬೇಕು ಎಂದು ನಾನು ಕೇಳಿದರೆ ಅಕ್ಕ ಸ್ಟೀರಿಂಗ್ ಹಿಡಿದೇ ಯೋಚಿಸುತ್ತಾರೆ.

“ಒಂದು ದಿನ ಅತ್ತೇನ ಒಳಗೆ ಬಿಟ್ಟು ಬಂದು, ಬಾಗಿಲ ಪಕ್ಕದ ಆ ಬೆಂಚಿನ ಮೇಲೆ ಸುಮ್ನೆ ಕೂತ್ಕೋಬೇಕು. ಗಾಡಿಗೆ ಬೆನ್ನು ಹಾಕ್ಕೊಂಡು.”