ತೊಟ್ಟಿಲಿಗೆ ಬಂದ ಕಲ್ಲು

ವಿಕಾಸದ ಪಾಠ ಬಂದಾಗಲೆಲ್ಲ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಕಲ್ಲಿರುತ್ತದೆ. ದಾವಣಗೆರೆಯಿಂದ ಹರಿಹರದ ನನ್ನ ಶಾಲೆಗೆ ಅದನ್ನು ಹೊತ್ತುಕೊಂಡೇ ಬಸ್ಸು ಹತ್ತುತ್ತೇನೆ. ಕಾಲೇಜಿನಲ್ಲಿದ್ದಾಗ ತುಂಗಭದ್ರೆಯ ದಂಡೆಯಲ್ಲಿ ಸಿಕ್ಕಿದ್ದು. ಒಂದು ಕಡೆ ಅಂಗೈಗೆ ಒಪ್ಪುವಂತೆ ಗುಂಡಗಿದೆ, ಇನ್ನೊಂದು ಕಡೆ ಚಕ್ಕೆ ಎಬ್ಬಿಸಿ ಅಂಚು ಮಾಡಿದ್ದಾರೆ. ನೀರಿನಲ್ಲಿ ಉರುಳಿ ಹಾಗಾಗಿರಬೇಕು ಎಂದು ಸಹೋದ್ಯೋಗಿಗಳು ಮೂಗು ಮುರಿದಿದ್ದರು. ಪುರಾತತ್ವ ಬಲ್ಲ ಮೇಷ್ಟ್ರೊಬ್ಬರಿಗೆ ತೋರಿಸಿ, ಆದಿಮಾನವರ ಕೈಕೆಲಸವೇ ಎಂದು ಅವರ ಬಾಯಿಂದಲೇ ಹೇಳಿಸಿದೆ. ನಾನು ಸುಲಭಕ್ಕೆ ಬಿಡುವವಳಲ್ಲ.

ಕಲ್ಲು ಮಕ್ಕಳ ಕೈಯಿಂದ ಕೈಗೆ ದಾಟುವಾಗ ಇನ್ನೂ ಹಳೆಯ ಕಥೆ ಹೇಳುತ್ತೇನೆ. ಪೂರ್ವ ಆಫ್ರಿಕದ ಒಂದು ಕಮರಿಯಲ್ಲಿ ದವಡೆ, ತಲೆಬುರುಡೆಯ ಚೂರು, ಕೈಯ ಮೂಳೆಗಳು ಕಲ್ಲಾಗಿ ಸಿಕ್ಕವು. ಆ ಸುತ್ತಿನಲ್ಲೇ ಚಕ್ಕೆ ಎಬ್ಬಿಸಿದ ಕಲ್ಲುಗಳೂ ಇದ್ದವು. ಮೂಳೆಗಳು ದೊಡ್ಡವರವಲ್ಲ, ಒಂದು ಮಗುವಿನವು. ವಿಜ್ಞಾನಿಗಳು ಹೋಮೋ ಹ್ಯಾಬಿಲಿಸ್ ಎಂದು ಹೆಸರಿಟ್ಟರು. ಕೈಕೆಲಸ ಬಲ್ಲ ಮನುಷ್ಯ ಎಂದರ್ಥ.

ಈ ವರ್ಷ ನನ್ನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದು ಕೊನೆಗೆ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂತು. ಹೆಸರಿಡುವ ದಿನ ಗೊತ್ತಾದದ್ದೇ ತಡ, ನನ್ನ ಅವ್ವ ಪಟ್ಟು ಹಿಡಿದಳು.

"ಗುಂಡುಕಲ್ಲು ಇಲ್ದಲೆ ಕೂಸಿನ್ನ ತೊಟ್ಲಿಗೆ ಹಾಕಂಗಿಲ್ಲ."

ಅರೆಯುವ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ಮೊದಲು ಅದನ್ನು ತೊಟ್ಟಿಲಲ್ಲಿ ತೂಗಿ, ಆಮೇಲೆ ಮಗುವನ್ನು ಮಲಗಿಸುವುದು ನಮ್ಮ ಕಡೆಯ ಪದ್ಧತಿ. ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು.

"ಮಿಕ್ಸಿ ಜಾರ್ ಮಲಗಿಸಾಣೇನವ್ವಾ?" ಎಂದೆ.

"ನಗಬ್ಯಾಡ. ನನ್ನ ಮೊದಲ್ನೇ ಕೂಸಿಗೆ ಯಾವ ಶಾಸ್ತ್ರಾನೂ ಆಗ್ಲಿಲ್ಲ. ಈ ಕೂಸಿಗೆ ಒಂದೂ ಬಿಡಂಗಿಲ್ಲ."

ನನ್ನ ನಗು ನಿಂತಿತು. ನನಗಿಂತ ಮೊದಲು ಅವ್ವನಿಗೊಂದು ಹೆಣ್ಣು ಮಗು ಹುಟ್ಟಿ, ಬಾತಿ ಊರಿನ ನಮ್ಮ ಹಳೇ ಮನೆಯಲ್ಲಿ ಹೆಸರಿಡುವ ಮೊದಲೇ ತೀರಿಕೊಂಡಿತ್ತು. ನಮ್ಮಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಆ ಮನೆಯ ಒಳಕಲ್ಲು, ಗುಂಡು ಎರಡೂ ಎಂದೋ ಹೊಸ ಮನೆಯ ಪಾಯಕ್ಕೆ ಹೋಗಿದ್ದವು. ನನ್ನ ಗಂಡ ಮಂಡಿಪೇಟೆಗೆ ಹೋಗಿ ಹೊಳೆಯುವ ಹೊಸ ಗುಂಡುಕಲ್ಲು ತಂದರು. ಅವ್ವ ಸವರಿ ನೋಡಿ ಪಕ್ಕಕ್ಕಿಟ್ಟಳು.

"ಮಿಷನ್ನಾಗೆ ಮಾಡಿದ್ದು. ಒಂದಿನಾನೂ ಯಾರ ಹೊಟ್ಟಿಗೂ ಏನೂ ಅರ್ದಿಲ್ಲ. ಮಂದಿ ಕೈ ಆಡಿದ ಕಲ್ಲು ಬೇಕು."

ಕೈ ಆಡಿದ ಕಲ್ಲು ತಾನೆ? ಬ್ಯಾಗಿನಿಂದ ನನ್ನದನ್ನು ತೆಗೆದು ಅವಳ ಕೈಗಿಟ್ಟೆ. "ಇದಕ್ಕಿಂತ ಹಳೇ ಕೈ ಆಡಿದ್ದು ಊರಾಗೆ ಇನ್ನೊಂದು ಸಿಗಲ್ಲ ನೋಡು."

ಅವ್ವನ ಬೆರಳುಗಳು ಗುಂಡಗಿನ ಭಾಗದಲ್ಲಿ ತಾವಾಗಿಯೇ ಕೂತವು. ಮುಖ ಅರಳಿತು. "ಇದ್ರಾಗೆ ಏನು ಅರೀತಿದ್ರು?"

"ಅರೀತಿರ್ಲಿಲ್ಲವ್ವ. ಮಾಂಸ ಕೊಯ್ತಿದ್ರು. ಮೂಳೆ ಒಡೆದು ಮಜ್ಜೆ ತೆಗೀತಿದ್ರು."

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಅವ್ವ ಕಲ್ಲನ್ನು ನೆಲಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಶಿವಶಿವಾ!"

"ರಾಗಿ ಬೀಸ್ತಿದ್ರು ಅಂದಿದ್ರೆ ಏನು ಗಂಟು ಹೋಗ್ತಿತ್ತಮ್ಮ?" ಎಂದು ಮಗಳು ಗುರಾಯಿಸಿದಳು.

ಅನ್ನಬಹುದಿತ್ತು. ಆದರೆ ಸುಳ್ಳು ಹೇಳಿ ಆ ಕಲ್ಲಿಗೆ ಮರ್ಯಾದೆ ಕೊಡಿಸುವ ಗತಿ ನನಗೇನೂ ಬಂದಿರಲಿಲ್ಲ. ಅವ್ವನ ಪಕ್ಕ ಕೂತು, ಶಾಲೆಯಲ್ಲಿ ಹೇಳುವ ಕಥೆಯನ್ನೇ ಹೇಳಿದೆ. ಆ ಮಗುವಿನ ಮೂಳೆ, ಪಕ್ಕದ ಕಲ್ಲುಗಳು. ಈ ಕಲ್ಲು ಅಷ್ಟು ಹಳೆಯದಲ್ಲ, ಆದರೆ ಕೆಲಸ ಅದೇ. ಬೆಳೆ ಇಲ್ಲ, ಒಲೆ ಇಲ್ಲ. ಸಿಕ್ಕಿದ್ದನ್ನು ಕೊಯ್ದು ಮಕ್ಕಳ ಬಾಯಿಗಿಟ್ಟರು, ಅದಕ್ಕೇ ನಾವೆಲ್ಲ ಇದ್ದೇವೆ ಎಂದೆ.

ಅವ್ವ ನೆಲದ ಮೇಲಿದ್ದ ಕಲ್ಲಿನ ಕಡೆ ನೋಡಿದಳು. "ಆ ಕೂಸು ಯಾಕ ಸತ್ತೋತು?"

"ಗೊತ್ತಿಲ್ಲವ್ವ."

"ಹೆಸರಿಟ್ಟಿದ್ರಾ?"

"ಆಗ ಇಟ್ಟಿದ್ರೋ ಇಲ್ವೋ. ಲಕ್ಷಗಟ್ಟಲೆ ವರ್ಷ ಆದ್ಮ್ಯಾಲೆ, ಮೂಳೆ ಸಿಕ್ಕಾಗ ಇಟ್ರು."

"ಅಷ್ಟು ತಡ ಮಾಡಿ ಇಟ್ರೂ ನಡೀತೈತೇನು?"

"ನಡೀತೈತವ್ವ," ಎಂದೆ. ನನಗೆ ಅನುಮಾನವೇ ಇರಲಿಲ್ಲ.

ಅವ್ವ ಕಲ್ಲನ್ನು ಮತ್ತೆ ಮಡಿಲಿಗೆ ಎತ್ತಿಕೊಂಡಳು. "ಹರಳೆಣ್ಣೆ ಕೊಡು."

ನಾಮಕರಣದ ದಿನ ಕಲ್ಲಿಗೆ ಎಣ್ಣೆ ತಿಕ್ಕಿ, ಚೂಪಾದ ಕಡೆ ಮೆತ್ತಗಿನ ಬಟ್ಟೆ ಸುತ್ತಿ, ಕೆಂಪು ಕುಂಚಿಗೆ ತೊಡಿಸಿದಳು. ತೊಟ್ಟಿಲ ಆ ಕಡೆ ಅವಳು, ಈ ಕಡೆ ನಾನು. ಕೆಳಗಿನಿಂದ, ಮೇಲಿನಿಂದ ಕಲ್ಲನ್ನು ಒಬ್ಬರಿಗೊಬ್ಬರು ದಾಟಿಸಿ ಮಲಗಿಸಿದೆವು. ಅವ್ವ ಬಗ್ಗಿ, ಕುಂಚಿಗೆಯ ಹತ್ತಿರ ಬಾಯಿಟ್ಟು ಒಂದು ಹೆಸರು ಹೇಳಿದಳು. ಅದು ಮೊಮ್ಮಗಳಿಗೆ ನಾವು ಆರಿಸಿದ್ದ ಹೆಸರಲ್ಲ. ಇಷ್ಟು ವರ್ಷ ಅವಳ ಬಾಯಲ್ಲಿ ನಾನು ಕೇಳಿರದ ಹೆಸರು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಕಲ್ಲು ತೆಗೆದು ಕೂಸನ್ನು ಮಲಗಿಸಿದರೆ, ಅದು ಮನೆ ಹಾರಿಹೋಗುವಂತೆ ಕಿರುಚಿತು. ಆ ಗಂಟಲು ಕೇಳಿ ಅವ್ವ ನಕ್ಕಳು.

ಮರುದಿನ ತರಗತಿಯಲ್ಲಿ ಕಲ್ಲು ಮೊದಲ ಬೆಂಚಿನ ಹುಡುಗಿಯ ಕೈಗೆ ಬಂತು. ಅವಳು ಮೂಸಿ ನೋಡಿದಳು. "ಮೇಡಂ, ಯಾಕ್ರಿ ಇದು ಎಣ್ಣೆ ವಾಸ್ನೆ ಬರ್ತೈತೆ?"

"ನಿನ್ನೆ ನಮ್ಮಕ್ಕನಿಗೆ ಹೆಸರಿಟ್ವಿ," ಎಂದೆ.